ಪಾಕಜ ರೂಪ: ಬೆಂದ ಮಣ್ಣು ಮತ್ತು ಬಳಿದ ಬಣ್ಣ

ತರ್ಕಶಾಸ್ತ್ರದ ಪಾಠವನ್ನು ಆರಂಭಿಸುವ ಬಾಲಕನ ಬಾಯಿಗೆ ಮೊದಲು ಬರುವ ಪದಾರ್ಥವು ಘಟ. ಘಟವೆಂದರೆ ಗಡಿಗೆ. ಆದರೆ ವರುಷಗಟ್ಟಲೆ ಘಟಪಟಗಳನ್ನು ಉರುಹೊಡೆದ ವಿದ್ಯಾರ್ಥಿಯು ಕುಂಬಾರನ ಅಂಗಳದಲ್ಲಿ ನಿಂತು ಒಂದು ಗಡಿಗೆಯನ್ನು ದಿಟ್ಟಿಸಿ ನೋಡಿರುವದು ಅಪರೂಪ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಪೃಥಿವಿಯನ್ನು ಕುರಿತು ಒಂದು ಸಿದ್ಧಾಂತವುಂಟು. ರೂಪ, ರಸ, ಗಂಧ, ಸ್ಪರ್ಶವೆಂಬ ನಾಲ್ಕು ಗುಣಗಳು ಪೃಥಿವಿಯಲ್ಲಿ ಪಾಕಜವಾಗಿರುತ್ತವೆ. ಎಂದರೆ ತೇಜಸ್ಸಿನ ಸಂಯೋಗದಿಂದ ಮೊದಲಿನ ಗುಣವು ಅಳಿದು ಹೊಸದು ಹುಟ್ಟುತ್ತದೆ. ಜಲವಾಯುಗಳಿಗೆ ಈ ಧರ್ಮವಿಲ್ಲ. ನೀರನ್ನು ಎಷ್ಟು ಕಾಸಿದರೂ ಆರಿದ ಬಳಿಕ ಅದು ಮೊದಲಿನ ನೀರೇ. ಮಣ್ಣಿನ ರೀತಿಯು ಬೇರೆ. ಶ್ಯಾಮವರ್ಣದಿಂದ ಆವಿಗೆಯನ್ನು ಹೊಕ್ಕ ಹಸಿ ಗಡಿಗೆಯು ರಕ್ತವರ್ಣದಿಂದ ಹೊರಬೀಳುತ್ತದೆ. ಅದನ್ನು ಕುಟ್ಟಿ ಪುಡಿಮಾಡಿ ನೀರಲ್ಲಿ ಕಲಸಿದರೂ ತಿಗರಿಯ ಮೇಲಿಡುವ ಮುದ್ದೆಯಾಗುವದಿಲ್ಲ.

ಈ ಕೆಂಪು ಎಲ್ಲಿಂದ ಬಂದಿತೆಂಬ ವಿಷಯದಲ್ಲಿ ಪೂರ್ವಿಕರು ದೊಡ್ಡ ವಾದವನ್ನೇ ನಡೆಯಿಸಿದರು. ವೈಶೇಷಿಕರದು ಪೀಲುಪಾಕ. ಬೆಂಕಿ ತಗಲಿದೊಡನೆ ಗಡಿಗೆಯು ಪರಮಾಣುಗಳವರೆಗೆ ಒಡೆದುಹೋಗಿ, ಒಂದೊಂದು ಪರಮಾಣುವೂ ಬೆಂದು ಕೆಂಪಾಗಿ, ತಿರುಗಿ ಕೂಡಿಕೊಂಡು ಗಡಿಗೆಯಾಗುತ್ತದೆಂದೂ, ಈ ಕ್ರಿಯೆಯ ವೇಗದಿಂದಾಗಿ ಅದು ಕಣ್ಣಿಗೆ ಕಾಣದೆಂದೂ ಅವರ ಮತ. ನೈಯಾಯಿಕರದು ಪಿಠರಪಾಕ. ಗಡಿಗೆಯ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುವದರಿಂದ ಬೆಂಕಿಯು ಒಳಹೊಕ್ಕು ಇಡಿಯ ಗಡಿಗೆಯನ್ನೇ ಬೇಯಿಸುತ್ತದೆ. ಹೊರಬಂದುದು ಒಳಹೋದ ಗಡಿಗೆಯೇ ಎಂಬ ಪ್ರತ್ಯಭಿಜ್ಞೆಯುಂಟು. ಅದರ ಮೇಲೆ ಹೇರಿದ ಗಡಿಗೆಗಳು ನಡುವೆ ಕುಸಿದು ಬೀಳುವದೂ ಇಲ್ಲ. ಎರಡು ಪಕ್ಷಗಳಿಗೂ ಸಮ್ಮತವಾದ ಸಂಗತಿಯು ಒಂದಿದೆ. ಕೆಂಪು ಹೊರಗಿನಿಂದ ಹಚ್ಚಿದುದಲ್ಲ. ಅದು ಮಣ್ಣಿನಲ್ಲಿಯೇ ಹುಟ್ಟಿದುದು.

ಇದು ಪಾಠಶಾಲೆಯ ಜಗಲಿಯಲ್ಲಿಯೇ ಮುಗಿಯತಕ್ಕ ವಾದವಲ್ಲವೆಂಬುದನ್ನು ಶಿಗ್ಗಾಂವಿ ತಾಲೂಕಿನ ಗೊಟಗೋಡಿಗೆ ಹೋದವರು ಕಾಣಬಹುದು. ಪುಣೆ ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಈ ಚಿಕ್ಕ ಊರಿಗೆ ಇಂದು ಎರಡು ಕಾರಣಗಳಿಂದ ಹೆಸರು ಬಂದಿದೆ. ಚಿತ್ರಕಾರ ಹಾಗೂ ಶಿಲ್ಪಿ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್ ಎಂಬ ಶಿಲ್ಪವನವು ಒಂದು. ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಇನ್ನೊಂದು. ಶಿಲ್ಪವನದಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯೇ ಸಿಮೆಂಟಿನಲ್ಲಿ ಎದ್ದು ನಿಂತಿದೆ. ಆಳೆತ್ತರದ ಗಂಡಸರು, ಹೆಂಗಸರು, ಮಕ್ಕಳು, ದನಕರು, ಮನೆಮಾರುಗಳು ತಮ್ಮ ತಮ್ಮ ನಿತ್ಯಕರ್ಮದಲ್ಲಿ ತೊಡಗಿದಂತೆ ತೋರುತ್ತವೆ; ಎಲ್ಲಕ್ಕೂ ಅದರದರ ಬಣ್ಣವನ್ನು ಹಚ್ಚಿದೆ. ಮಕ್ಕಳನ್ನು ಕರೆದುಕೊಂಡು ಬಂದ ಮನೆಯವರು ಬೆರಗಾಗಿ ನೋಡುತ್ತಾರೆ. ಆ ಬೆರಗು ಯೋಗ್ಯವಾದುದೇ. ಆದರೆ ವಿಮರ್ಶೆಯ ಕೆಲಸವು ಬೆರಗು ಮುಗಿದಲ್ಲಿಂದ ಮೊದಲಾಗುತ್ತದೆ. ಅಂಥ ಶಿಲ್ಪದಲ್ಲಿ ಸಿಮೆಂಟಿನ ಗಡಿಗೆಯೊಂದಕ್ಕೆ ಕಾವಿಯ ಬಣ್ಣವನ್ನು ಬಳಿದಾಗ, ಆ ಬಣ್ಣಕ್ಕೂ ಆವಿಗೆಯಲ್ಲಿ ಹುಟ್ಟಿದ ಬಣ್ಣಕ್ಕೂ ಇರುವ ಸಂಬಂಧವೇನು? ಒಂದರ ಗೌರವವು ಇನ್ನೊಂದಕ್ಕೆ ಸಲ್ಲುವದೇ?

ಮೊದಲು ಹೆಸರಿನ ವಿಚಾರ. ಟೆರಾಕೋಟಾ ಎಂಬುದು ಇಟಲಿಯ ನುಡಿ. ಅದರ ಅರ್ಥ ಬೆಂದ ಮಣ್ಣು, ಅಷ್ಟೇ. ಅದು ಪದಾರ್ಥದ ಹೆಸರಾಗಿದ್ದು ಮುಂದೆ ಬಣ್ಣದ ಹೆಸರಾಯಿತು. ಈಗ ಬಣ್ಣದ ಅಂಗಡಿಯ ಡಬ್ಬಿಯ ಮೇಲೆಯೂ, ಸೀರೆಯ ಅಂಗಡಿಯಲ್ಲಿಯೂ ಆ ಹೆಸರಿದೆ. ಮಣ್ಣೂ ಇಲ್ಲ, ಬೆಂಕಿಯೂ ಇಲ್ಲ. ಕನ್ನಡದಲ್ಲಿ ಈ ಬಣ್ಣಕ್ಕೆ ಕಾವಿ, ಜಾಜು, ಕೆಮ್ಮಣ್ಣು, ಹುರಮಂಜು, ಇಟ್ಟಂಗಿಯ ಬಣ್ಣ, ಹೆಂಚಿನ ಬಣ್ಣವೆಂದು ಹಲವು ಹೆಸರುಗಳಿವೆ. ಇವುಗಳಲ್ಲಿ ಒಂದಾದರೂ ಮಣ್ಣನ್ನು ಬಿಟ್ಟು ನಿಂತ ಹೆಸರಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕನ್ನಡದ ಜನಕ್ಕೆ ಈ ಕೆಂಪು ಒಂದು ವಸ್ತುವಿನ ಕೆಂಪು.

ಇನ್ನು ಪಾಕದ ವಿಚಾರ. ಕೆರೆಯಂಗಳದ ಜಿಗುಟು ಮಣ್ಣನ್ನು ತಂದು, ಒಣಗಿಸಿ, ಕುಟ್ಟಿ, ಸೋಸಿ, ನೆನೆಹಾಕಿ, ಸೀಳದಿರಲೆಂದು ಮರಳನ್ನೋ ಬೂದಿಯನ್ನೋ ಬೆರಸಿ ತುಳಿದು ಹದಗೊಳಿಸುತ್ತಾರೆ. ತಿಗರಿಯ ಮೇಲೆ ಎತ್ತಿದ ಗಡಿಗೆಗೆ ಇನ್ನೂ ಹೊಟ್ಟೆ ಬಂದಿರುವದಿಲ್ಲ. ಅರೆ ಒಣಗಿದ ಮೇಲೆ ಒಳಗೆ ಕಲ್ಲನ್ನು ಹಿಡಿದು ಹೊರಗೆ ಹಲಗೆಯಿಂದ ತಟ್ಟುತ್ತ ಅದರ ಮೈಯನ್ನು ತೆಳ್ಳಗೆ ಮಾಡಿ ಹಿಗ್ಗಿಸುತ್ತಾರೆ. ಆಮೇಲೆ ಆವಿಗೆ. ಕಾವು ಏರಿ ೬೦೦ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಬರುವಷ್ಟರಲ್ಲಿ ಮಣ್ಣಿನ ಕಣಗಳೊಳಗೆ ಕಟ್ಟುಬಿದ್ದ ನೀರು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಮಣ್ಣು ಮಣ್ಣಾಗಿ ಉಳಿಯುವದಿಲ್ಲ. ಹಳ್ಳಿಯ ಆವಿಗೆಯ ಕಾವು ಸಾಮಾನ್ಯವಾಗಿ ೭೦೦ರಿಂದ ೯೦೦ ಡಿಗ್ರಿಗಳೊಳಗಿನದು. ಆಗ ಕಣಗಳ ಅಂಚುಗಳು ಒಂದಕ್ಕೊಂದು ಬೆಸೆಯುತ್ತವೆ; ಮಣ್ಣಿನಲ್ಲಿದ್ದ ಕಬ್ಬಿಣದ ಅಂಶವು ಗಾಳಿಯಲ್ಲಿಯ ಆಮ್ಲಜನಕವನ್ನು ಹೀರಿ ಕೆಂಪಾಗುತ್ತದೆ. ಗಾಳಿಯನ್ನು ಮುಚ್ಚಿ ಹೊಗೆಯಲ್ಲಿ ಬೇಯಿಸಿದರೆ ಅದೇ ಮಣ್ಣು ಕರಿದಾಗುತ್ತದೆ. ಗಡಿಗೆಯ ಆಕಾರವು ಕೆಡದೆ ನಿಲ್ಲುವದನ್ನು ನೋಡಿದರೆ ನೈಯಾಯಿಕನು ಗೆದ್ದನೆನ್ನಬೇಕು. ಕಣದ ಒಳಗಿನ ಕಟ್ಟೇ ಬೇರೆಯಾಗುವದನ್ನು ನೋಡಿದರೆ ವೈಶೇಷಿಕನೂ ಸೋಲಲಿಲ್ಲವೆನ್ನಬೇಕು.

ಈ ವಿದ್ಯೆಯು ಇದೇ ಸೀಮೆಯಲ್ಲಿ ಎಷ್ಟು ಹಳೆಯದೆಂಬುದಕ್ಕೆ ಹಿರೇಕೆರೂರ ಸೀಮೆಯ ಹಳ್ಳೂರೇ ಸಾಕ್ಷಿ. ತುಂಗಭದ್ರೆಯ ದಂಡೆಯ ಈ ಊರಲ್ಲಿ ೧೯೬೦ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಯಿಸಿ, ೧೯೭೧ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ನವಶಿಲಾಯುಗದ ಜನರ ಬೂದುಬಣ್ಣದ ಮಡಿಕೆಗಳೂ, ಕಬ್ಬಿಣವು ಬಳಕೆಗೆ ಬಂದ ಕಾಲದ ಕಪ್ಪು ಕೆಂಪು ಮಡಿಕೆಗಳೂ ಅಲ್ಲಿ ದೊರೆತವು. ಕಪ್ಪು ಕೆಂಪು ಮಡಿಕೆಯ ಒಳಮೈ ಮತ್ತು ಕಂಠವು ಕಪ್ಪು, ಹೊರಮೈಯ ಕೆಳಭಾಗವು ಕೆಂಪು. ಮಡಿಕೆಯನ್ನು ಬೋರಲಾಗಿ ಇಟ್ಟು ಸುಡುವದರಿಂದ ಗಾಳಿ ತಾಕದ ಭಾಗವು ಕಪ್ಪಾಗಿಯೂ, ಗಾಳಿ ತಾಕಿದ ಭಾಗವು ಕೆಂಪಾಗಿಯೂ ಬೇಯುತ್ತದೆಂದು ಪುರಾತತ್ತ್ವಜ್ಞರು ಇದನ್ನು ವಿವರಿಸುತ್ತಾರೆ. ಕೆಲವು ಮಡಿಕೆಗಳ ಮೇಲೆ ಬಿಳಿಯ ಗೆರೆಗಳೂ ಇವೆ. ಸುಮಾರು ಮೂರು ಸಾವಿರ ವರುಷಗಳಿಗೆ ಹಿಂದಿನ ಕುಂಬಾರನು ಒಂದೇ ಮಣ್ಣಿನಿಂದ, ಒಂದೇ ಬೆಂಕಿಯಲ್ಲಿ, ಎರಡು ಬಣ್ಣಗಳನ್ನು ಪಡೆದನು. ಅವನ ಬಣ್ಣದ ಬಟ್ಟಲೆಂದರೆ ಗಾಳಿಯ ಅಳತೆ. ಅವನ ಮಾತು ತಿಳಿಯದು, ಹೆಸರು ತಿಳಿಯದು; ಆದರೆ ಅವನ ಮಡಿಕೆಯ ಬೋಕಿಯ ಬಣ್ಣವು ಇಂದಿಗೂ ಕೆಟ್ಟಿಲ್ಲ.

ಇಲ್ಲಿ ಛಾಂದೋಗ್ಯದ ಮೃತ್ಪಿಂಡದ ದೃಷ್ಟಾಂತವು ನೆನಪಿಗೆ ಬರುವದು ಸಹಜ. ಒಂದು ಮಣ್ಣಿನ ಮುದ್ದೆಯನ್ನು ತಿಳಿದರೆ ಮಣ್ಣಿನಿಂದಾದುದೆಲ್ಲವೂ ತಿಳಿದಂತೆಂದು ಉದ್ದಾಲಕನು ಶ್ವೇತಕೇತುವಿಗೆ ಬೋಧಿಸಿದನು. ತತ್ತ್ವದ ದೃಷ್ಟಿಯಿಂದ ಆ ಬೋಧೆಯು ನಿರ್ದುಷ್ಟವಾದುದು. ಕುಂಬಾರನ ದೃಷ್ಟಿಯಿಂದ ಮಾತ್ರ ಹಸಿಮಣ್ಣು ಒಂದು, ಸುಟ್ಟ ಮಣ್ಣು ಇನ್ನೊಂದು. ಈ ಭೇದವನ್ನು ಹಾವೇರಿ ಜಿಲ್ಲೆಯ ಹಬ್ಬಹುಣ್ಣಿವೆಗಳು ಬಲು ಚೆನ್ನಾಗಿ ಕಾಯ್ದುಕೊಂಡಿವೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಗುಳ್ಳವ್ವ, ಭಾದ್ರಪದದ ಗಣಪತಿ ಮತ್ತು ಜೋಕುಮಾರ, ಇವೆಲ್ಲ ಹಸಿಮಣ್ಣಿನವು. ಅವುಗಳನ್ನು ಸುಡುವದಿಲ್ಲ, ಯಾಕಂದರೆ ಅವು ಬಂದು ಹೋಗತಕ್ಕವು, ಪೂಜೆ ಮುಗಿದ ಮೇಲೆ ಮಣ್ಣಿನಲ್ಲಿ ಮಣ್ಣಾಗತಕ್ಕವು. ಮನೆಯಲ್ಲಿ ನಿಂತು ದುಡಿಯತಕ್ಕ ಮಣ್ಣನ್ನು ಮಾತ್ರ ಸುಡುತ್ತಾರೆ. ಎಲ್ಲಿ ಪಾಕ ಬೇಕು, ಎಲ್ಲಿ ಬೇಡವೆಂಬ ವಿವೇಕವು ಅಕ್ಷರವರಿಯದ ಮುದುಕಿಯರಿಗೂ ಇದ್ದಿತು.

ದುಡಿಯುವ ಮಣ್ಣಿನ ಉಪಯೋಗಗಳನ್ನು ಎಣಿಸಿದರೆ ಒಂದು ಮನೆಯ ಬಾಳುವೆಯೇ ಕಣ್ಣಿಗೆ ಕಟ್ಟುವದು. ನೀರಿನ ಹರವಿ, ಹಾಲುಮೊಸರಿನ ಗಡಿಗೆ, ರೊಟ್ಟಿ ಬೇಯಿಸುವ ಹಂಚು, ದೀಪದ ಪಣತಿ, ಮಾಡಿನ ಹೆಂಚು, ಗೋಡೆಯ ಇಟ್ಟಂಗಿ, ಮದುವೆಯ ಐರಣಿ, ಕೊನೆಗೆ ಮಸಣದಲ್ಲಿ ಒಡೆಯುವ ಕೊಡ. ಇವುಗಳ ಪಾಕವೂ ಒಂದೇ ತೆರನಾದುದಲ್ಲ. ನೀರಿನ ಹರವಿಯು ಮೈಯಲ್ಲಿ ಬೆವರುವಂತೆ ಸೂಕ್ಷ್ಮ ರಂಧ್ರಗಳನ್ನು ಉಳಿಸಿಕೊಳ್ಳಬೇಕು. ಆ ಬೆವರು ಆರುವಾಗ ಒಳಗಿನ ಕಾವನ್ನು ಒಯ್ಯುವದರಿಂದಲೇ ಬೇಸಗೆಯಲ್ಲಿ ನೀರು ತಂಪಾಗುತ್ತದೆ. ಹೆಂಚಿಗೆ ಈ ರಂಧ್ರಗಳು ದೋಷ. ಅದು ಮಳೆಯನ್ನು ತಡೆಯಬೇಕು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರಖಾನೆಯನ್ನು ತೆರೆದ ತರುವಾಯ, ಒಂದರ ಅಂಚು ಇನ್ನೊಂದರಲ್ಲಿ ಕೂಡ್ರುವ ಚಪ್ಪಟೆ ಹೆಂಚು ಘಟ್ಟವನ್ನೇರಿ ಒಳನಾಡಿಗೂ ಬಂದಿತು. ದೂರದ ದೇಶಗಳಿಗೂ ಹಡಗಿನಲ್ಲಿ ಹೋಯಿತು. ದೂರದಿಂದ ಊರು ಕೆಂಪಾಗಿ ಕಂಡರೆ ಅದು ಯಾರೋ ಬಣ್ಣಗಾರನ ಅಭಿರುಚಿಯಾಗಿರಲಿಲ್ಲ. ಮಳೆ ಬೀಳುವ ನಾಡಿನ ಅವಶ್ಯಕತೆಯಾಗಿದ್ದಿತು.

ಹಾಗಾದರೆ ಬಳಿದ ಕೆಂಪೆಲ್ಲವೂ ಹುಸಿಯೇ ಎಂದು ಕೆಲವರು ಕೇಳಬಹುದು. ಹಾಗೆ ಹೇಳುವದು ಅವಿಚಾರವಾದೀತು. ಹೊಸ್ತಿಲಿಗೆ ಹುರಮಂಜು ಬಳಿದು ಸುಣ್ಣದ ಗೆರೆಗಳನ್ನೆಳೆಯುವ ಗೃಹಿಣಿಯೂ ಬಣ್ಣವನ್ನೇ ಬಳಿಯುತ್ತಾಳೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ಕಾರವಾರ ಸೀಮೆಯಿಂದ ಗೋವೆಯವರೆಗಿನ ದೇವಾಲಯಗಳಲ್ಲಿ ಕಾವಿಯ ಕಲೆಯೆಂಬುದುಂಟು; ಸುಣ್ಣದ ಗಿಲಾವಿನ ಮೇಲೆ ಕೆಮ್ಮಣ್ಣಿನ ಲೇಪವನ್ನು ಕೊಟ್ಟು, ಹಸಿಯಿರುವಾಗಲೇ ಅದನ್ನು ಕೆರೆದು ಒಳಗಿನ ಬಿಳುಪನ್ನು ತೋರಿಸುತ್ತಾರೆ. ಇವೆಲ್ಲ ಲೇಪವೇ ಆದರೂ ಮಣ್ಣಿನ ಮೇಲೆ ಮಣ್ಣಿನ ಲೇಪ. ಬಣ್ಣವು ತನ್ನ ತವರನ್ನು ಬಿಟ್ಟು ಹೋಗಿಲ್ಲ. ಗೋಡೆಯು ತಾನು ಗಡಿಗೆಯೆಂದು ಹೇಳಿಕೊಳ್ಳುವದೂ ಇಲ್ಲ.

ಅಲಂಕಾರಶಾಸ್ತ್ರದಲ್ಲಿ ಮಮ್ಮಟನು ಗುಣಕ್ಕೂ ಅಲಂಕಾರಕ್ಕೂ ತೋರಿಸಿದ ಭೇದವು ಇಲ್ಲಿ ಬಹಳ ಉಪಯುಕ್ತವಾದುದು. ಶೌರ್ಯವು ಆತ್ಮನನ್ನು ಬಿಟ್ಟಿರದಂತೆ ಗುಣವು ರಸವನ್ನು ಬಿಟ್ಟಿರದು. ಅಲಂಕಾರವಾದರೋ ಕೊರಳ ಹಾರದಂತೆ, ಇದ್ದರೆ ಚೆಲುವು, ಇಲ್ಲದಿದ್ದರೂ ಕೊರಳು ಕೊರಳೇ. ಬೆಂದ ಮಣ್ಣಿನ ಕೆಂಪು ಗುಣ. ಅದನ್ನು ನೋಡಿ ಗಡಿಗೆಯು ಹದವಾಗಿ ಬೆಂದಿತೋ ಅರೆಬೆಂದಿತೋ ಎಂದು ಹೇಳಬಹುದು. ಡಬ್ಬಿಯ ಕೆಂಪು ಅಲಂಕಾರ. ಅದರಿಂದ ಒಳಗಿನ ವಸ್ತುವಿನ ವಿಷಯವಾಗಿ ಏನೂ ತಿಳಿಯದು. ಅಲಂಕಾರಕ್ಕೂ ಕಾವ್ಯದಲ್ಲಿ ಸ್ಥಾನವುಂಟು. ಆದರೆ ಅಲಂಕಾರವನ್ನೇ ಗುಣವೆಂದು ಬಗೆಯುವ ಸಹೃದಯನು ಮೋಸಹೋಗುತ್ತಾನೆ. ಕಾವ್ಯಕ್ಕೂ ಪಾಕವೆಂಬ ಶಬ್ದವನ್ನೇ ಬಳಸಿದ ಪೂರ್ವಿಕರ ಜಾಣ್ಮೆಯನ್ನು ಇಲ್ಲಿ ನೆನೆಯಬೇಕು. ಒಂದು ಪದವನ್ನು ಕಿತ್ತು ಇನ್ನೊಂದನ್ನು ಇಡಲು ಬಾರದ ಸ್ಥಿತಿಯನ್ನು ವಾಮನನು ಶಬ್ದಪಾಕವೆಂದನು. ಬೆಂದ ಗಡಿಗೆಯಲ್ಲಿಯೂ ಕಣವನ್ನು ಕದಲಿಸಲು ಬರುವದಿಲ್ಲ.

ಈಗ ಗೊಟಗೋಡಿಯ ಶಿಲ್ಪವನಕ್ಕೆ ತಿರುಗಬಹುದು. ಅದರ ಮೇಲೆ ಸುಲಭವಾಗಿ ಹೊರಿಸಬಹುದಾದ ಆಕ್ಷೇಪವು, ಹಳ್ಳಿಯ ಬಾಳನ್ನು ಹಳ್ಳಿಗೆ ಪರಕೀಯವಾದ ಸಿಮೆಂಟಿನಲ್ಲಿ ಏಕೆ ಕಡೆದರೆಂಬುದು. ಈ ಆಕ್ಷೇಪವು ಪೂರ್ತಿಯಾಗಿ ನಿಲ್ಲುವದಿಲ್ಲ. ಆಳೆತ್ತರದ ಮೂರ್ತಿಯನ್ನು ಮಣ್ಣಿನಲ್ಲಿ ಮಾಡಿ ಸುಡುವದೆಂದರೆ ಅದನ್ನು ಒಳಗೆ ಟೊಳ್ಳಾಗಿಸಬೇಕು, ಆಳೆತ್ತರದ ಆವಿಗೆಯನ್ನು ಕಟ್ಟಬೇಕು. ಎಲ್ಲಿಯಾದರೂ ತೇವವು ಉಳಿದರೆ ತಿಂಗಳುಗಳ ದುಡಿತವು ಒಂದು ಗಳಿಗೆಯಲ್ಲಿ ಸಿಡಿದುಹೋಗುತ್ತದೆ. ಬಯಲಿನಲ್ಲಿ ಮಳೆಬಿಸಿಲುಗಳಿಗೆ ನಿಂತು, ಸಾವಿರಾರು ಮಕ್ಕಳ ಕೈಗಳನ್ನು ತಾಳಿಕೊಳ್ಳಬೇಕಾದ ಮೂರ್ತಿಗಳಿಗೆ ಸಿಮೆಂಟು ತಕ್ಕ ವಸ್ತುವೇ ಸರಿ. ಹಾನಗಲ್ಲಿನ ತಾರಕೇಶ್ವರನ ಗುಡಿಯನ್ನು ಕಡೆದವರೂ ತಮ್ಮ ಕೈಗೆ ಹೊಂದುವ ಮೆದುವಾದ ಬಳಪದ ಜಾತಿಯ ಕಲ್ಲನ್ನೇ ಆರಿಸಿಕೊಂಡರು. ವಸ್ತುವನ್ನು ಆರಿಸುವ ಅಧಿಕಾರವು ಶಿಲ್ಪಿಗುಂಟು.

ಶ್ರೀಶಂಕುಕನ ಚಿತ್ರತುರಗನ್ಯಾಯವೂ ಈ ಶಿಲ್ಪವನದ ಪಕ್ಷದಲ್ಲಿದೆ. ಚಿತ್ರದಲ್ಲಿಯ ಕುದುರೆಯನ್ನು ಕಂಡಾಗ ಆಗುವ ಜ್ಞಾನವು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಅದೊಂದು ವಿಲಕ್ಷಣವಾದ ಪ್ರತೀತಿ, ಅದರಿಂದಲೇ ರಸಾಸ್ವಾದವು. ಸಿಮೆಂಟಿನ ಗಡಿಗೆಯನ್ನು ಹೊತ್ತ ಸಿಮೆಂಟಿನ ನೀರೆಯನ್ನು ಕಂಡು ತನ್ನ ಅಜ್ಜಿಯನ್ನು ನೆನೆಯುವವನಿಗೆ ಆ ಆಸ್ವಾದವು ಇದ್ದೇ ಇದೆ. ಇದನ್ನು ಅಲ್ಲಗಳೆಯುವವನು ಅರಸಿಕನೆನಿಸುವನು.

ಆದರೆ ಈ ನ್ಯಾಯಕ್ಕೆ ಒಂದು ಕರಾರುಂಟು. ಚಿತ್ರದ ಕುದುರೆಯನ್ನು ಸವಿಯುವವನು ಎಂದಾದರೂ ನಿಜವಾದ ಕುದುರೆಯನ್ನು ಕಂಡಿರಬೇಕು. ಅಜ್ಜಿಯ ಹರವಿಯ ನೀರನ್ನು ಕುಡಿದವನಿಗೆ ಸಿಮೆಂಟಿನ ಹರವಿಯು ಸ್ಮಾರಕ. ಹರವಿಯನ್ನೇ ಕಾಣದ ಮಗುವಿಗೆ ಅದೇ ಹರವಿ. ಆ ಮಗುವು ಬೆರಳಿನಿಂದ ತಟ್ಟಿದರೆ ನಾದವು ಹೊರಡುವದಿಲ್ಲ, ಮೂಗಿಟ್ಟರೆ, ಯಾವ ಗಂಧವನ್ನು ಶಾಸ್ತ್ರವು ಪೃಥಿವಿಯ ಲಕ್ಷಣವೆಂದು ಹೇಳಿತೋ ಆ ಗಂಧವು ಬರುವದಿಲ್ಲ, ಕೈಯಿಟ್ಟರೆ ತಂಪಿಲ್ಲ. ನಾಲ್ಕು ಪಾಕಜ ಗುಣಗಳಲ್ಲಿ ರೂಪವೊಂದು ಮಾತ್ರ, ಅದೂ ಬಳಿದ ರೂಪ, ಉಳಿದಿದೆ. ಮಗುವಿನ ಮನಸ್ಸಿನಲ್ಲಿ ಮಡಿಕೆಯೆಂದರೆ ಕಾವಿಯ ಬಣ್ಣದ ಒಂದು ಗುಂಡನೆಯ ಆಕಾರವೆಂದು ನಿಂತುಬಿಟ್ಟರೆ, ಆ ತಪ್ಪು ಶಿಲ್ಪಿಯದಲ್ಲ. ಮೂಲವನ್ನು ಮನೆಯಿಂದ ಹೊರಗೆ ಹಾಕಿ ಪ್ರತಿಮೆಯನ್ನು ನೋಡಲು ಟಿಕೀಟು ಕೊಳ್ಳುವ ಗೃಹಸ್ಥರದು.

ಈ ಮಾತು ಕಟುವಾದರೂ ಹೇಳಲೇಬೇಕಾದುದು. ಈ ಸೀಮೆಯು ಕುಂಬಾರರ ಋಣವನ್ನು ಬಹಳವಾಗಿ ಹೊತ್ತಿದೆ. ತ್ರಿಪದಿಯ ಸರ್ವಜ್ಞನು ಹಿರೇಕೆರೂರ ಸೀಮೆಯ ಅಬಲೂರಿನ ಕುಂಬಾರಗಿತ್ತಿ ಮಾಳಿಯ ಮಗನೆಂದು ಐತಿಹ್ಯವಿದೆ. ತಂದೆಯ ಹೆಸರನ್ನು ಮಾಸೂರಿನ ಬಸವರಸನೆಂದು ಹೇಳುತ್ತಾರೆ. ಐತಿಹ್ಯದ ಸತ್ಯಾಸತ್ಯತೆಯು ಹೇಗಾದರೂ ಇರಲಿ, ನಾಡಿನ ಜನವು ತನ್ನ ಅತ್ಯಂತ ನಿಷ್ಠುರವಾದ ಬಾಯನ್ನು ಕುಂಬಾರಗಿತ್ತಿಯ ಮಡಿಲಲ್ಲಿ ಇಟ್ಟಿದೆ. ಹರಿಹರನು ತನ್ನ ರಗಳೆಗಳಲ್ಲಿ ಒಂದನ್ನು ಕುಂಬಾರ ಗುಂಡಯ್ಯನಿಗೆ ಮೀಸಲಿಟ್ಟನು. ಆ ಭಕ್ತನು ಗಡಿಗೆಗಳನ್ನು ಬಾರಿಸಲು ಶಿವನೇ ಬಂದು ಕುಣಿದನಂತೆ. ಹದವಾಗಿ ಬೇಯದ ಗಡಿಗೆಯು ಹಾಗೆ ನುಡಿಯದು. ಸಾಹಿತ್ಯದಲ್ಲಿ ಇಷ್ಟು ಗೌರವವನ್ನು ಪಡೆದ ವೃತ್ತಿಯವರು ಬಾಳಿನಲ್ಲಿ ಏನು ಪಡೆದರು? ಕೆರೆಯ ಮಣ್ಣು ಮೊದಲಿನಂತೆ ಸುಲಭವಾಗಿ ದೊರೆಯುವದಿಲ್ಲ. ಸೌದೆಯ ಬೆಲೆ ಏರಿತು. ಸ್ಟೀಲು, ಪ್ಲಾಸ್ಟಿಕ್ಕುಗಳು ಅಡಿಗೆಮನೆಯನ್ನು ತುಂಬಿದವು. ಮಗನು ತಿಗರಿಯನ್ನು ಬಿಟ್ಟು ಪಟ್ಟಣಕ್ಕೆ ಹೋದರೆ ಅವನನ್ನು ದೂರಲು ಯಾರಿಗೆ ಬಾಯಿದೆ?

ಪರಿಹಾರವು ಬರಿಯ ಮರುಕದಿಂದ ಆಗತಕ್ಕದ್ದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಒಳ್ಳೆಯ ಮಣ್ಣೂ ಉಂಟು, ಖಾದಿ ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆಯ ಶಿಕ್ಷಣಸಂಸ್ಥೆಯೂ ಉಂಟು. ವಿದ್ಯೆಯನ್ನು ಪಾಠಕ್ರಮದಿಂದ ಕಲಿಸಬಹುದೆಂಬುದಕ್ಕೆ ಅದು ನಿದರ್ಶನ. ಗೊಟಗೋಡಿಯಲ್ಲಿ ಒಂದು ವಿಶ್ವವಿದ್ಯಾಲಯವೇ ಜಾನಪದದ ಹೆಸರಿನಲ್ಲಿ ನಿಂತಿದೆ. ಹಾಡುಗಳನ್ನು ಬರೆದಿಡುವದು, ಕಥೆಗಳನ್ನು ಕೂಡಿಹಾಕುವದು ಅವಶ್ಯವಾದ ಕೆಲಸ. ಆದರೆ ಹಾಡನ್ನು ಕಾಗದದಲ್ಲಿ ಹಿಡಿದಂತೆ ಆವಿಗೆಯ ಹದವನ್ನು ಕಾಗದದಲ್ಲಿ ಹಿಡಿಯಲು ಬಾರದು. ಹೊಗೆಯ ಬಣ್ಣವನ್ನು ನೋಡಿ ಬೆಂಕಿಯನ್ನು ತಗ್ಗಿಸುವ ಕಣ್ಣು, ತಟ್ಟಿದ ಸದ್ದಿನಿಂದ ಬಿರುಕನ್ನು ಹಿಡಿಯುವ ಕಿವಿ, ಇವು ಗುರುವಿನ ಮಗ್ಗುಲಲ್ಲಿ ಕುಳಿತು ಕಲಿಯತಕ್ಕವು. ಶಿಲ್ಪವನದ ಹಳ್ಳಿಗೂ ಅಧ್ಯಯನದ ಆ ಕೇಂದ್ರಕ್ಕೂ ನಡುವೆ ಉರಿಯುವ ಆವಿಗೆಯೊಂದು ಇದ್ದರೆ, ಚಿತ್ರತುರಗದ ಎದುರಿಗೆ ನಿಜವಾದ ಕುದುರೆಯನ್ನು ಕಟ್ಟಿದಂತಾಗುವದು. ಪ್ರತಿಮೆಯ ಬೆಲೆಯೂ ಹೆಚ್ಚುವದು.

ಅದು ದೊಡ್ಡವರ ಕೆಲಸವಾಯಿತು. ಗೃಹಸ್ಥರ ಕೆಲಸವು ಇನ್ನೂ ಸುಲಭವಾದುದು. ಮಕ್ಕಳಿಗೆ ಗೊಟಗೋಡಿಯನ್ನು ತೋರಿಸಿಕೊಂಡು ಬರುವ ದಾರಿಯಲ್ಲಿ ಯಾವುದಾದರೂ ಊರಿನ ಕುಂಬಾರರ ಓಣಿಯನ್ನು ಕೇಳಿಕೊಂಡು ಹೋಗಬೇಕು. ಒಂದು ಹರವಿಯನ್ನು ಮಗುವಿನ ಕೈಯಿಂದಲೇ ತಟ್ಟಿಸಿ, ನಾದವು ಸರಿಯಾದುದನ್ನು ಆರಿಸಿಕೊಂಡು, ಕುಂಬಾರನು ಹೇಳಿದ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಟ್ಟು ಮನೆಗೆ ತರಬೇಕು. ತೊಳೆದು, ನೀರು ತುಂಬಿ, ಮಾರನೆಯ ದಿನ ಮಧ್ಯಾಹ್ನ ಆ ಮಗುವಿಗೆ ಒಂದು ಲೋಟ ನೀರನ್ನು ಕೊಡಬೇಕು. ಪಾಕಜ ರೂಪದ ಪಾಠವು ಅಷ್ಟರಿಂದ ಅರ್ಧ ಮುಗಿಯುವದು. ಮುಂದಿನ ಅರ್ಧವನ್ನು ತರ್ಕಸಂಗ್ರಹದಲ್ಲಿ ಓದಬಹುದು.